ಹೆಬ್ಬಾವಿಗೂ ಒಂದು ಊರುಂಟು

ಭರತಪುರದ ಜನವರಿಯಲ್ಲಿ ಹೊತ್ತೇರುವ ತನಕ ಮಂಜು ಕರಗುವುದಿಲ್ಲ. ಬಿಸಿಲು ನೆಲಕ್ಕೆ ತಾಗಿದ ಮೇಲೆ ಕೇವಲಾದೇವ್ ರಾಷ್ಟ್ರೀಯ ಉದ್ಯಾನದ ಒಣ ದಿಬ್ಬಗಳಲ್ಲಿರುವ ಬಿಲಗಳಿಂದ ಹೆಬ್ಬಾವುಗಳು ಹೊರಬಂದು ಬಿಲದ ಬಾಯಿಯ ಬಳಿಯೇ ಸುರುಳಿ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ. ಬಿಲ ತೋಡಿದ್ದು ಮುಳ್ಳುಹಂದಿಗಳು. ಹೆಬ್ಬಾವಿಗೆ ಮಣ್ಣು ಅಗೆಯಲು ಬರುವುದಿಲ್ಲ, ಇನ್ನೊಬ್ಬರು ತೋಡಿದ ಮನೆಯಲ್ಲೇ ಅದು ಚಳಿ ಕಳೆಯಬೇಕು. ಅಚ್ಚರಿಯೆಂದರೆ ಮನೆ ಕಟ್ಟಿದ ಮುಳ್ಳುಹಂದಿ ಬಿಟ್ಟು ಹೋಗಿರುವುದಿಲ್ಲ. ಒಂದೇ ಬಿಲದೊಳಗೆ ಮುಳ್ಳುಹಂದಿ, ಬಾವಲಿ, ಒಂದಕ್ಕಿಂತ ಹೆಚ್ಚು ಹೆಬ್ಬಾವು ಒಟ್ಟಿಗೆ ಇರುವುದುಂಟು. ಹಕ್ಕಿ ನೋಡಲು ಬರುವ ಪ್ರವಾಸಿಗರಲ್ಲಿ ಹಲವರು ‘ಪೈಥಾನ್ ಪಾಯಿಂಟ್’ ಎಂಬ ಜಾಗಕ್ಕೂ ಹೋಗಿ ಬರುತ್ತಾರೆ.

ಈ ಬಿಲಗಳನ್ನು ಮೊದಲು ಶ್ರದ್ಧೆಯಿಂದ ಲೆಕ್ಕ ಹಾಕಿದವರಲ್ಲಿ ಸುಬ್ರಮಣಿಯನ್ ಭೂಪತಿ ಮುಖ್ಯರು. 1980ರ ದಶಕದಲ್ಲಿ ಅವರು ಕೇವಲಾದೇವ್‌ನ ಹೆಬ್ಬಾವುಗಳ ಬದುಕನ್ನು ಹಿಂಬಾಲಿಸಿದರು. ಯಾವ ಬಿಲ, ಯಾವ ಮಣ್ಣು, ಯಾವಾಗ ಹೊರಗೆ, ಯಾವಾಗ ಒಳಗೆ ಎಂಬ ಸಣ್ಣ ಸಣ್ಣ ವಿವರಗಳನ್ನು ಕೂಡಿಸಿದರು. ಭಾರತದ ಹೆಬ್ಬಾವಿನ ಕಾಡಿನ ಬದುಕಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವರ ಆ ಕೆಲಸದಿಂದ ಬಂದದ್ದು. ಮುಂದೆ ಕೊಯಮತ್ತೂರಿನ ಸಲೀಂ ಅಲಿ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಭೂಪತಿ 2014ರಲ್ಲಿ ಅಗಸ್ತ್ಯಮಲೆಯಲ್ಲಿ ಕ್ಷೇತ್ರಕಾರ್ಯದ ನಡುವೆ ಆದ ಅಪಘಾತದಲ್ಲಿ ತೀರಿಕೊಂಡರು. 2017ರಲ್ಲಿ ಪಶ್ಚಿಮಘಟ್ಟದ ಪೂರ್ವ ಮಗ್ಗುಲಲ್ಲಿ ಸಿಕ್ಕ ಹೊಸ ನೇರಳೆ ಕಪ್ಪೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರ ಹಾದಿಯಲ್ಲಿ ಅದಿತಿ ಮುಖರ್ಜಿ, ಹೊನ್ನವಳ್ಳಿ ಕುಮಾರ ಮತ್ತಿತರರು ಅದೇ ಉದ್ಯಾನದಲ್ಲಿ ಕೆಲಸ ಮುಂದುವರಿಸಿ, ಜನರ ಓಡಾಟ ಹೆಚ್ಚಿದ ಕಡೆ ಹೆಬ್ಬಾವುಗಳ ಬಿಸಿಲು ಕಾಯುವ ರೂಢಿಯೇ ಬದಲಾಗುತ್ತಿದೆ ಎಂದು ತೋರಿಸಿದರು. ಮೈ ಬೆಚ್ಚಗಾಗದೆ ಈ ಪ್ರಾಣಿಗೆ ತಿಂದದ್ದು ಅರಗುವುದಿಲ್ಲ. ಮೊಬೈಲು ಹಿಡಿದು ಹತ್ತಿರ ಹೋದವರು ಅದರಿಂದ ಕಿತ್ತುಕೊಳ್ಳುವುದು ಆ ದಿನದ ಬಿಸಿಲನ್ನು.

ಭರತಪುರದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಹೆಬ್ಬಾವೆಂದರೆ ನಮ್ಮ ಕಣ್ಣಿಗೆ ಬರುವುದು ಅದರ ಗಾತ್ರ, ನುಂಗುವ ಬಾಯಿ, ಸುತ್ತುವ ಬಲ. ಅದರ ಬದುಕು ನಿಂತಿರುವುದು ಮಾತ್ರ ಜಾಗದ ಮೇಲೆ: ಒಂದು ಬಿಲ, ಒಂದು ಬಿಸಿಲು ಬೀಳುವ ಬಂಡೆ, ಹತ್ತಿರದಲ್ಲಿ ನೀರು, ಇಲಿ ಮೊಲ ಓಡಾಡುವ ಪೊದೆ. ಇವು ಎಲ್ಲೆಲ್ಲಿವೆ ಎಂದು ಅದು ವರ್ಷಗಟ್ಟಲೆ ಕಲಿತಿರುತ್ತದೆ. ಅದನ್ನು ಎತ್ತಿ ಬೇರೆಡೆ ಇಟ್ಟಾಗ ಏನಾಗುತ್ತದೆ ಎಂಬುದೇ ಈ ಲೇಖನದ ಚಿಂತೆ. ಸಾಕಲು ಎತ್ತಿದರೂ ಸರಿ, ಮಾರಲು ಎತ್ತಿದರೂ ಸರಿ, ಕಾಪಾಡಲೆಂದೇ ಎತ್ತಿದರೂ ಸರಿ.

ಭಾರತದ ಹೆಬ್ಬಾವು, ಪೈಥಾನ್ ಮೊಲುರಸ್, ಪಾಕಿಸ್ತಾನದಿಂದ ನೇಪಾಳ, ಶ್ರೀಲಂಕಾದವರೆಗೆ ಹರಡಿದೆ. ಸಾಮಾನ್ಯವಾಗಿ ಹತ್ತಡಿ ಆಸುಪಾಸು ಬೆಳೆಯುತ್ತದೆ. ಇಪ್ಪತ್ತಡಿಗೆ ಸಮೀಪಿಸುವುದು ಬಲು ಅಪರೂಪ. ನಮ್ಮಲ್ಲಿ ಬಂಡೀಪುರ, ನಾಗರಹೊಳೆಯ ಕಾಡಿನಲ್ಲೂ ಇದೆ, ಬಯಲುಸೀಮೆಯ ಕಲ್ಲುಗುಡ್ಡಗಳಲ್ಲೂ ಇದೆ, ಕರಾವಳಿಯ ತೋಡು, ಅಡಿಕೆ ತೋಟ, ಕೋಳಿಗೂಡುಗಳ ಬಳಿಯೂ ಇದೆ. ತುಳುವರು ಇದನ್ನು ಪೆರ್ಮರಿ ಎನ್ನುತ್ತಾರೆ. ವಿಷವಿಲ್ಲ. ತುಟಿಯ ಅಂಚಿನಲ್ಲಿರುವ ಕುಳಿಗಳಿಂದ ಕತ್ತಲಲ್ಲೂ ಬಿಸಿರಕ್ತದ ಪ್ರಾಣಿಯ ಶಾಖವನ್ನು ಗುರುತಿಸುತ್ತದೆ. ಬಾಲದ ಬುಡದಲ್ಲಿ ಎರಡು ಚಿಕ್ಕ ಉಗುರುಗಳಿವೆ, ಕಾಲಿದ್ದ ಪೂರ್ವಜರಿಂದ ಉಳಿದು ಬಂದ ಗುರುತು. ಗಂಡಿನಲ್ಲಿ ಅವು ದೊಡ್ಡವು, ಕೂಡುವ ಕಾಲದಲ್ಲಿ ಹೆಣ್ಣಿನ ಮೈ ಸವರಲು ಬಳಸುತ್ತದೆ.

ನಮ್ಮ ಪುರಾಣಗಳು ಈ ಹಾವನ್ನು ಚೆನ್ನಾಗಿಯೇ ನೋಡಿವೆ. ಅಗಸ್ತ್ಯರ ಶಾಪದಿಂದ ಅಜಗರವಾದ ನಹುಷ ಭೀಮನನ್ನೇ ಸುತ್ತಿ ಹಿಡಿದು, ಧರ್ಮರಾಯನ ಉತ್ತರಗಳನ್ನು ಕೇಳಿ ಬಿಡುಗಡೆ ಹೊಂದುವ ಕಥೆ ವನಪರ್ವದಲ್ಲಿದೆ. ನನಗೆ ಅದಕ್ಕಿಂತ ಹಿಡಿಸುವುದು ಭಾಗವತದ ಅಜಗರ. ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಹೆಸರಿಸುವಾಗ ಅದನ್ನೂ ಒಬ್ಬ ಗುರುವೆಂದು ಎಣಿಸುತ್ತಾನೆ. ಬಂದದ್ದನ್ನು ಉಂಡು, ಬಾರದಿದ್ದರೆ ಉಪವಾಸವಿದ್ದು, ಇದ್ದಲ್ಲೇ ಇರುವುದನ್ನು ಅದರಿಂದ ಕಲಿತೆ ಎನ್ನುತ್ತಾನೆ. ಹೆಬ್ಬಾವು ಉಸಿರಿನಿಂದಲೇ ಬೇಟೆಯನ್ನು ಎಳೆದುಕೊಳ್ಳುತ್ತದೆ ಎಂಬ ಹಳ್ಳಿಯ ನಂಬಿಕೆ ನಿಜವಲ್ಲ, ಆದರೆ ಅವಧೂತ ಕಂಡದ್ದು ನಿಜ. ಇದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಪ್ರಾಣಿಯೇ ಅಲ್ಲ. ಪ್ರಾಣಿಗಳು ನಡೆವ ಹಾದಿಯ ಪಕ್ಕ ಮಲಗಿ ಕಾಯುತ್ತದೆ.

ಕಾಯುವ ಪ್ರಾಣಿಯ ಒಡಲೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಾದದ್ದು ಪ್ರಯೋಗಾಲಯದಲ್ಲಿ, ಬರ್ಮಾ ಹೆಬ್ಬಾವಿನಿಂದ. ಇದು ನಮ್ಮ ಹೆಬ್ಬಾವಿನ ತೀರಾ ಹತ್ತಿರದ ನೆಂಟ. 2009ರವರೆಗೂ ಎರಡನ್ನೂ ಒಂದೇ ಪ್ರಭೇದವೆಂದೇ ಎಣಿಸುತ್ತಿದ್ದರು. ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ತೋರಿಸಿದಂತೆ, ತಿಂಗಳುಗಟ್ಟಲೆ ಉಪವಾಸವಿರುವ ಹೆಬ್ಬಾವು ತನ್ನ ಕರುಳು, ಯಕೃತ್ತುಗಳನ್ನು ಕುಗ್ಗಿಸಿಕೊಂಡು ಖರ್ಚು ಉಳಿಸುತ್ತದೆ. ದೊಡ್ಡ ಬೇಟೆಯೊಂದನ್ನು ನುಂಗಿದ ಒಂದೆರಡು ದಿನದಲ್ಲಿ ಕರುಳಿನ ತೂಕ ಸುಮಾರು ಇಮ್ಮಡಿಯಾಗುತ್ತದೆ, ದೇಹದ ಒಟ್ಟು ಚಟುವಟಿಕೆ ಹತ್ತಾರು ಪಟ್ಟು ಏರುತ್ತದೆ. 48 ಗಂಟೆಗಳಲ್ಲಿ ಹೃದಯದ ಮುಖ್ಯ ಕೋಣೆಯ ತೂಕ ಶೇ 40ರಷ್ಟು ಹೆಚ್ಚುತ್ತದೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಅರಗಿ ಮುಗಿದ ಮೇಲೆ ಎಲ್ಲವೂ ಮತ್ತೆ ಹಿಂದಿನ ಅಳತೆಗೆ ಇಳಿಯುತ್ತವೆ. ಹೃದ್ರೋಗದ ಸಂಶೋಧಕರು ಇಂದಿಗೂ ಈ ಹೃದಯವನ್ನು ಕುತೂಹಲದಿಂದ ನೋಡುತ್ತಿದ್ದಾರೆ.

ಇದನ್ನು ತಿಳಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಆಗಾಗ ಕಾಣುವ ದೃಶ್ಯವೊಂದು ನನ್ನನ್ನು ಕಾಡುತ್ತದೆ. ಆಡಿನ ಮರಿಯನ್ನೋ ಕೋಳಿಯನ್ನೋ ನುಂಗಿ ಅಲ್ಲಾಡಲಾಗದೆ ಬಿದ್ದ ಹೆಬ್ಬಾವಿನ ಸುತ್ತ ಜನ ಸೇರುತ್ತಾರೆ, ಕೋಲಿನಿಂದ ತಿವಿಯುತ್ತಾರೆ, ವಿಡಿಯೊ ಮಾಡುತ್ತಾರೆ. ಹೆದರಿದ ಹಾವು ಮೈ ಹಗುರ ಮಾಡಿಕೊಂಡು ಓಡಲು ನುಂಗಿದ್ದನ್ನು ಕಕ್ಕುತ್ತದೆ. ಸತ್ತ ಆಡು ಮಾಲೀಕನಿಗೂ ಸಿಗಲಿಲ್ಲ, ಹಾವಿಗೂ ದಕ್ಕಲಿಲ್ಲ. ಆ ಊಟಕ್ಕಾಗಿ ಅದು ಹೃದಯವನ್ನೇ ಹಿಗ್ಗಿಸಲು ಹೊರಟಿತ್ತು.

ಸೆರೆಯಲ್ಲಿಟ್ಟ ಹೆಬ್ಬಾವು ನಮಗೆ ಕಲಿಸಿದ ಎರಡನೆಯ ಸಂಗತಿ ಇನ್ನೂ ಚೆಲುವಾದದ್ದು. 1830ರ ದಶಕದಲ್ಲಿ, ಬಂಗಾಳದಲ್ಲಿ ಓಡಾಡಿ ಬಂದಿದ್ದ ಲಾಮಾರ್-ಪಿಕೋ ಎಂಬ ಫ್ರೆಂಚ್ ಪ್ರವಾಸಿ, ಅಲ್ಲಿನ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ತನ್ನ ಮೈಶಾಖದಿಂದ ಕಾವು ಕೊಡುತ್ತದೆ ಎಂದು ಪ್ಯಾರಿಸ್ಸಿನ ವಿದ್ವಾಂಸರಿಗೆ ವರದಿ ಮಾಡಿದ. ತಣ್ಣನೆ ರಕ್ತದ ಪ್ರಾಣಿ ಕಾವು ಕೊಡುವುದೆಂದರೇನು ಎಂದು ಅವರು ಒಪ್ಪಲಿಲ್ಲ. 1841ರಲ್ಲಿ ಪ್ಯಾರಿಸ್ಸಿನದೇ ಮೃಗಾಲಯದಲ್ಲಿ ಹೆಬ್ಬಾವೊಂದು ಮೊಟ್ಟೆಯಿಟ್ಟು ಕಾವು ಕೂತಿತು. ವಲೆನ್ಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ತಾಪಮಾಪಕ ಇಟ್ಟು ನೋಡಿದಾಗ ಸುರುಳಿಯ ನಡುವೆ ಸುತ್ತಲಿನ ಗಾಳಿಗಿಂತ ಹೆಚ್ಚು ಬಿಸಿಯಿತ್ತು. ಲಾಮಾರ್-ಪಿಕೋ ಹೇಳಿದ್ದು ಸರಿಯಾಗಿತ್ತು. ಕಾಡಿನಲ್ಲಿ ಕಣ್ಣಾರೆ ಕಂಡವರ ಮಾತನ್ನು ಪಂಡಿತರು ನಂಬಲು ಅದು ಅವರ ಅಂಗಳದಲ್ಲೇ ನಡೆಯಬೇಕಾಯಿತು.

ಆ ಬಿಸಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಒಂದೂಕಾಲು ಶತಮಾನ ಹಾಗೇ ಉಳಿಯಿತು. 1966ರಲ್ಲಿ ನ್ಯೂಯಾರ್ಕ್ ಮೃಗಾಲಯದಲ್ಲಿ ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಕಾವು ಕೂತ ಹೆಣ್ಣೊಂದರ ಉಸಿರಾಟ, ಮೈಶಾಖ, ಸ್ನಾಯುಗಳ ಸೆಳೆತವನ್ನು ಅಳೆದರು. ಕೋಣೆ ತಣ್ಣಗಾದಂತೆಲ್ಲ ಹಾವಿನ ಮೈ ಹೆಚ್ಚು ಬೇಗ ಬೇಗ ನಡುಗುತ್ತಿತ್ತು. ಚಳಿಯಲ್ಲಿ ನಾವು ನಡುಗುವಂತೆಯೇ ಸ್ನಾಯುಗಳನ್ನು ಕುಣಿಸಿ ಅದು ಶಾಖ ಹುಟ್ಟಿಸುತ್ತಿತ್ತು. ಹೀಗೆ ಹೊರಗಿನ ಗಾಳಿಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯನ್ನು ಮೊಟ್ಟೆಗಳಿಗೆ ಕೊಡಬಲ್ಲದು. ನಮ್ಮ ನಾಡಿನ ಹೆಬ್ಬಾವು ಚಳಿಗಾಲದಲ್ಲಿ ಕೂಡಿ, ಬೇಸಿಗೆಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳ ಗುಂಪಿನ ಮೇಲೆ ತಲೆಯಿಟ್ಟು ಎರಡು ತಿಂಗಳು ಕೂರುತ್ತದೆ, ಆ ಹೊತ್ತಿನಲ್ಲಿ ತಿನ್ನುವುದೇ ಇಲ್ಲವೆನ್ನಬಹುದು. ಮರಿಗಳು ಹೊರಬರುವಷ್ಟರಲ್ಲಿ ತಾಯಿ ಸೊರಗಿ ಚರ್ಮ ಸಡಿಲವಾಗಿರುತ್ತದೆ. ಹಾವಿಗೆ ಮಮತೆಯಿಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ಈ ಎರಡು ತಿಂಗಳನ್ನು ಮಾತ್ರ ಹೇಳುತ್ತೇನೆ.

ಮೃಗಾಲಯದ ಹೆಬ್ಬಾವು ಇನ್ನೂ ಒಂದು ಬೆರಗು ತೋರಿಸಿತು. ಆಮ್‌ಸ್ಟರ್‌ಡ್ಯಾಮಿನ ಆರ್ಟಿಸ್ ಮೃಗಾಲಯದಲ್ಲಿ ಗಂಡಿನ ಸಂಗವಿಲ್ಲದ ಬರ್ಮಾ ಹೆಬ್ಬಾವಿನ ಮೊಟ್ಟೆಗಳಲ್ಲಿ ಜೀವ ಕಂಡಿತು. 2003ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ ಆ ಭ್ರೂಣಗಳು ತಾಯಿಯ ವಂಶವಾಹಿಗಳನ್ನು ಮಾತ್ರ ಹೊತ್ತಿದ್ದವು. ನಮ್ಮ ದೇಶದಲ್ಲೂ ಒಡಿಶಾದ ನಂದನಕಾನನ, ಮದ್ರಾಸಿನ ಹಾವಿನ ಉದ್ಯಾನಗಳಲ್ಲಿ ಹೆಬ್ಬಾವು ಮರಿ ಮಾಡಿದೆ. ಆದ್ದರಿಂದ ಸೆರೆಯೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಬಿಸಿ ಒಂದು ಕಡೆ, ತಂಪು ಇನ್ನೊಂದು ಕಡೆ, ಮುಳುಗುವಷ್ಟು ನೀರು, ಅವಿತುಕೊಳ್ಳಲು ಜಾಗ ಇರುವ ಮನೆ ಕೊಟ್ಟು, ಅರಿಯುವ ಉದ್ದೇಶದಿಂದ ನೋಡಿದ ಮೃಗಾಲಯಗಳಿಗೆ ನಾವು ಋಣಿಗಳು. ಶಾಖ ಸಾಲದ ಪೆಟ್ಟಿಗೆಯಲ್ಲಿಟ್ಟ ಹೆಬ್ಬಾವು ಶ್ವಾಸಕೋಶದ ಸೋಂಕು, ಬಾಯಿಹುಣ್ಣುಗಳಿಂದ ನರಳುತ್ತದೆ. ಕೂಗಲು ಅದಕ್ಕೆ ದನಿಯಿಲ್ಲ, ಆದ್ದರಿಂದ ಸಾಯುವ ತನಕ ಸಾಕಿದವನಿಗೆ ಗೊತ್ತಾಗದೆ ಹೋಗಬಹುದು.

ನಮ್ಮ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. ಹಿಡಿಯುವುದು, ಕೊಲ್ಲುವುದು, ಸಾಕುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷ ಜೈಲು. ಒಂದು ಕಾಲಕ್ಕೆ ಲಕ್ಷಗಟ್ಟಲೆ ಹಾವುಗಳ ಚರ್ಮ ಚೀಲವಾಗಿ, ಚಪ್ಪಲಿಯಾಗಿ ಹಡಗು ಹತ್ತುತ್ತಿತ್ತು. 1976ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು. ಈಗ ವ್ಯಾಪಾರದ ದಿಕ್ಕು ತಿರುಗಿದೆ. ಹೊರದೇಶದ ಹೆಬ್ಬಾವುಗಳು ಒಳಗೆ ಬರುತ್ತಿವೆ, ಅದಕ್ಕೆ ನಮ್ಮ ಬೆಂಗಳೂರೇ ಒಂದು ಬಾಗಿಲು. 2023ರ ಸೆಪ್ಟೆಂಬರಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿಗಳು ಸಿಕ್ಕವು. ಕೋತಿಗಳು ಸತ್ತಿದ್ದವು. ಬದುಕಿದ್ದ ಹಾವುಗಳನ್ನು ಬಂದ ದೇಶಕ್ಕೆ ವಾಪಸು ಕಳಿಸಿದರು.

ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಮುದುಡಿಕೊಳ್ಳುತ್ತದೆ, ಆ ಸೌಮ್ಯ ಸ್ವಭಾವವೇ ಅದಕ್ಕೆ ಮುಳುವಾಯಿತು. ಬಣ್ಣ ಬಣ್ಣದ ತಳಿಗಳಿಗಾಗಿ ಅದನ್ನು ಪೆಟ್ಟಿಗೆಗಳಲ್ಲಿ ಬೆಳೆಸುತ್ತಾರೆ. ‘ಸ್ಪೈಡರ್’ ಎಂಬ ಹೆಸರಿನ ತಳಿಯಲ್ಲಿ ಚರ್ಮದ ಸೊಗಸಿನ ಜೊತೆಗೇ ನರದೋಷವೂ ಬರುತ್ತದೆ. ತಲೆ ಓಲಾಡುತ್ತದೆ, ಇಲಿಗೆ ಗುರಿಯಿಟ್ಟರೆ ತಪ್ಪುತ್ತದೆ. ಅದು ಗೊತ್ತಿದ್ದೂ ಆ ತಳಿಯನ್ನು ಮುಂದುವರಿಸುವುದು ಕ್ರೌರ್ಯ. 2022ರ ತಿದ್ದುಪಡಿಯ ಬಳಿಕ ನಮ್ಮಲ್ಲಿ ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮ ಬಂದಿದೆ. ಅಪಾರ್ಟ್‌ಮೆಂಟಿನ ಮೂಲೆಯ ಗಾಜಿನ ಪೆಟ್ಟಿಗೆಯ ತನಕ ಆ ನಿಯಮ ತಲುಪಬೇಕಿದೆ.

ತಲುಪದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಫ್ಲಾರಿಡಾವನ್ನು ನೋಡಬೇಕು. ಆಗ್ನೇಯ ಏಷ್ಯಾದಿಂದ ಸಾಕುವುದಕ್ಕೆಂದು ತರಿಸಿಕೊಂಡ ಬರ್ಮಾ ಹೆಬ್ಬಾವುಗಳಲ್ಲಿ ಕೆಲವು ತಪ್ಪಿಸಿಕೊಂಡವು, ಇನ್ನು ಕೆಲವನ್ನು ದೊಡ್ಡವಾದ ಮೇಲೆ ಸಾಕಲಾಗದೆ ಬಿಟ್ಟರು. 2000ದ ಹೊತ್ತಿಗೆ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಅವು ನೆಲೆನಿಂತು ಸಂತಾನ ಬೆಳೆಸುತ್ತಿವೆ ಎಂಬುದು ಖಚಿತವಾಯಿತು. ಮೈಕೇಲ್ ಡೋರ್ಕಾಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ರಸ್ತೆ ಸಮೀಕ್ಷೆಯಲ್ಲಿ, ಹೆಬ್ಬಾವು ಬಹುಕಾಲದಿಂದ ಇರುವ ಕಡೆ ರಕೂನ್‌ಗಳು ಶೇ 99, ಒಪೋಸಮ್‌ಗಳು ಶೇ 98ಕ್ಕೂ ಹೆಚ್ಚು ಕಡಿಮೆಯಾಗಿದ್ದವು. ಹೆಬ್ಬಾವಿನ ಜೊತೆ ಬಂದ ಶ್ವಾಸಕೋಶದ ಪರೋಪಜೀವಿಯೊಂದು ಅಲ್ಲಿನ ಸ್ಥಳೀಯ ಹಾವುಗಳನ್ನೂ ಕೊಲ್ಲುತ್ತಿದೆ. 2022ರಲ್ಲಿ ವರದಿಯಾದ ಸುಮಾರು 98 ಕಿಲೋ ತೂಕದ ಹೆಣ್ಣಿನ ಹೊಟ್ಟೆಯಲ್ಲಿ 122 ಮೊಟ್ಟೆಗಳು ಬೆಳೆಯುತ್ತಿದ್ದವು. ತನ್ನ ತವರಿನಲ್ಲಿ ಇದೇ ಬರ್ಮಾ ಹೆಬ್ಬಾವು ಅಳಿವಿನ ಭೀತಿಯ ಪಟ್ಟಿಯಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಫ್ಲಾರಿಡಾದ ಸುಮಾರು 400 ಹೆಬ್ಬಾವುಗಳ ವಂಶವಾಹಿ ನೋಡಿದಾಗ 13ರಲ್ಲಿ ನಮ್ಮ ಭಾರತದ ಹೆಬ್ಬಾವಿನ ಅಂಶ ಸಿಕ್ಕಿತು. ಎರಡೂ ಎಲ್ಲೋ ಬೆರೆತಿದ್ದವು.

ಅವುಗಳನ್ನು ಹಿಡಿಯಲು 2017ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯ ಕರೆಸಿದ್ದು ತಮಿಳುನಾಡಿನ ಇರುಳರನ್ನು. ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅಲ್ಲಿಗೆ ಹೋಗಿ ಎರಡು ವಾರದೊಳಗೆ 13 ಹೆಬ್ಬಾವು ಹಿಡಿದರು. ಚರ್ಮದ ವ್ಯಾಪಾರ ನಿಂತ ಮೇಲೆ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ವಿಷ ತೆಗೆಯುವ ಕೆಲಸಕ್ಕೆ ತಿರುಗಿದ ಸಮುದಾಯ ಅದು. ಹರಿದ ಜಾಡು, ಬಿಟ್ಟ ಪೊರೆ, ಹಿಕ್ಕೆ ನೋಡಿ ಹಾವಿರುವ ಜಾಗವನ್ನು ಓದುತ್ತಾರೆ. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಕೊಟ್ಟದ್ದು ತಡವಾಗಿ, ಆದರೆ ಕೊಟ್ಟವರು ಸರಿಯಾದವರನ್ನೇ ಗುರುತಿಸಿದರು.

ಅದೇ ಫ್ಲಾರಿಡಾದಲ್ಲಿ ನಡೆದ ಇನ್ನೊಂದು ಪ್ರಯೋಗ ಈ ಪ್ರಾಣಿಯ ಬಗ್ಗೆ ನನ್ನ ಎಣಿಕೆಯನ್ನೇ ಬದಲಿಸಿತು. ಆರು ಹೆಬ್ಬಾವುಗಳಿಗೆ ರೇಡಿಯೊ ಹಾಕಿ, ಮುಚ್ಚಿದ ಡಬ್ಬಿಯಲ್ಲಿಟ್ಟು, ಹಿಡಿದ ಜಾಗದಿಂದ 21ರಿಂದ 36 ಕಿಲೋಮೀಟರ್ ದೂರ ಒಯ್ದು ಬಿಟ್ಟರು. ಅವು ದಿಕ್ಕು ತಪ್ಪಿ ಅಲೆಯಲಿಲ್ಲ. ಹೆಚ್ಚುಕಡಿಮೆ ನೇರ ದಾರಿಯಲ್ಲಿ ತಿಂಗಳುಗಟ್ಟಲೆ ಹರಿದು, ಐದು ಹಾವುಗಳು ಹಿಡಿದ ಜಾಗದ ಐದು ಕಿಲೋಮೀಟರ್ ಒಳಗೆ ಬಂದು ಸೇರಿದವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಮುನ್ನ ಹಾವಿಗೆ ಇಂಥ ದಿಕ್ಕಿನ ಅರಿವುಂಟೆಂದು ತೋರಿಸಿದವರು ಇರಲಿಲ್ಲ. ಹೆಬ್ಬಾವಿಗೆ ತನ್ನ ಊರು ಗೊತ್ತು.

ಹಾಗಾದರೆ ನಾವು ದಿನವೂ ಮಾಡುತ್ತಿರುವ ‘ರಕ್ಷಣೆ’ ಏನು? ಕೋಳಿಗೂಡಿನಲ್ಲಿ, ಮೀನಿನ ಬಲೆಯಲ್ಲಿ, ಬಾವಿಯಲ್ಲಿ ಹೆಬ್ಬಾವು ಕಂಡ ಕೂಡಲೇ ಫೋನು ಹೋಗುತ್ತದೆ. ಉರಗ ರಕ್ಷಕರು ಬರುತ್ತಾರೆ, ಜೀವದ ಹಂಗು ತೊರೆದು ಹಿಡಿಯುತ್ತಾರೆ, ಚೀಲಕ್ಕೆ ತುಂಬಿ ದೂರದ ಕಾಡಿಗೆ ಬಿಡುತ್ತಾರೆ. ಅವರಿಲ್ಲದಿದ್ದರೆ ಆ ಹಾವು ಹಾರೆ ಗುದ್ದಲಿಗೆ ಬಲಿಯಾಗುತ್ತಿತ್ತು. ಆದರೆ ದೂರದ ಕಾಡು ಅದಕ್ಕೆ ಪರದೇಶ. ಬಿಲ ಎಲ್ಲಿ, ನೀರು ಎಲ್ಲಿ, ಬೇಟೆಯ ಹಾದಿ ಯಾವುದು, ಒಂದೂ ತಿಳಿಯದು. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗ ಸರ್ಪಗಳಿಗೆ ರೇಡಿಯೊ ಹಾಕಿ ನೋಡಿದಾಗ, ದೂರ ಒಯ್ದು ಬಿಟ್ಟ ಹಾವು ಗೊತ್ತುಗುರಿಯಿಲ್ಲದೆ ದೂರ ದೂರ ಅಲೆದಿತ್ತು. ಹೆಬ್ಬಾವನ್ನು ಎತ್ತಲೇಬೇಕಾದರೆ ಹತ್ತಿರದ ಹಳ್ಳ, ಗುಡ್ಡದ ಬುಡದಲ್ಲೇ ಬಿಡುವುದು ಸರಿ. ಕೋಳಿಗೂಡಿಗೆ ಕಿರುಕಣ್ಣಿನ ಗಟ್ಟಿ ಜಾಲರಿ ಹೊಡೆಸುವುದು ಅದಕ್ಕಿಂತ ಸರಿ. ತೋಟದ ಇಲಿ ಹೆಗ್ಗಣಗಳ ಲೆಕ್ಕ ಗೊತ್ತಿರುವ ರೈತರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಇಲ್ಲೊಂದು ಎಚ್ಚರದ ಮಾತು. ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ಕೈಯಲ್ಲಿ ಎತ್ತಿಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ಕೊಳಕುಮಂಡಲದ ಬೆನ್ನ ಮೇಲೆ ಮೊಟ್ಟೆಯಾಕಾರದ ಕಂದು ಮಚ್ಚೆಗಳು ಸರಪಳಿಯಂತೆ ಮೂರು ಸಾಲಿನಲ್ಲಿ ಇರುತ್ತವೆ, ಚರ್ಮ ಒರಟು. ಹೆಬ್ಬಾವಿನ ಮಚ್ಚೆಗಳು ಅಂಕುಡೊಂಕು, ಚರ್ಮ ನುಣುಪು. ಗುರುತು ಗೊತ್ತಿದ್ದರೂ ಮುಟ್ಟಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

2022ರ ಬೇಸಿಗೆಯಲ್ಲಿ ನಮ್ಮದೇ ಗಡಿಯ ಕಾಸರಗೋಡಿನಲ್ಲಿ ನಡೆದದ್ದು, ಹೆಬ್ಬಾವನ್ನು ಎತ್ತದೆ ಅದರ ಜಾಗದಲ್ಲೇ ಬಿಡುವುದಕ್ಕೆ ಬಲು ದೊಡ್ಡ ಮಾದರಿ. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡುವಾಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಬಳಿ ಮೋರಿಗೆಂದು ನೆಲ ಅಗೆದವರಿಗೆ ಬಿಲದೊಳಗೆ ಕಾವು ಕೂತ ಹೆಬ್ಬಾವು ಕಂಡಿತು, ಸುರುಳಿಯೊಳಗೆ 24 ಮೊಟ್ಟೆ. ತಾಯಿಯಿಂದ ಬೇರ್ಪಡಿಸಿದರೆ ಶಾಖ ಸಾಲದೆ ಮೊಟ್ಟೆ ಉಳಿಯುವುದು ಅನುಮಾನವೆಂದು ತಿಳಿದವರು ಹೇಳಿದರು. ಗುತ್ತಿಗೆ ಹಿಡಿದಿದ್ದ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಆ ಮೋರಿಯ ಕೆಲಸವನ್ನೇ ನಿಲ್ಲಿಸಿ 54 ದಿನ ಕಾಯಿತು. ಮೊಟ್ಟೆಗಳು ಬಿರಿಯತೊಡಗಿದ ಮೇಲಷ್ಟೇ ಅವನ್ನು ಎತ್ತಿದರು, ಮರಿಗಳನ್ನು ಕಾಡಿಗೆ ಬಿಟ್ಟರು. ಗಡುವು ಇದ್ದ ಕಾಮಗಾರಿಯದು. ಬೇರೆ ಕಡೆ ಕೆಲಸ ಸಾಗಿಸಿಕೊಂಡು, ಆ ಒಂದು ಜಾಗವನ್ನು ಮಾತ್ರ ಬಿಟ್ಟುಕೊಟ್ಟರು. ಅದೇ ಹೆದ್ದಾರಿ ತಲಪಾಡಿ ದಾಟಿ ಮಂಗಳೂರು, ಉಡುಪಿ, ಕಾರವಾರಕ್ಕೆ ಬರುತ್ತದೆ. ಇಲ್ಲಿಯೂ ಗುಡ್ಡ ಕಡಿಯುವ ಕೆಲಸ ಜೋರಾಗುವುದು ಬೇಸಿಗೆಯಲ್ಲೇ, ಹೆಬ್ಬಾವು ಕಾವು ಕೂರುವ ತಿಂಗಳುಗಳಲ್ಲೇ. ಜೆಸಿಬಿ ಇಳಿಸುವ ಮುನ್ನ ಬಿಲಗಳನ್ನು ನೋಡಬಲ್ಲ ಒಬ್ಬರನ್ನು ಆ ಜಾಗದಲ್ಲಿ ನಡೆಸಿ, ಮೊಟ್ಟೆ ಸಿಕ್ಕರೆ ಎರಡು ತಿಂಗಳು ಆ ಭಾಗ ಬಿಡಬೇಕೆಂದು ಗುತ್ತಿಗೆಯ ಕರಾರಿನಲ್ಲೇ ಬರೆಯಿಸಿದರೆ ಸಾಕು.